ಓಣಿಯ ಕೋಳಿ

ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಒಂದು ವಚನದಲ್ಲಿ ಕಾಗೆಯನ್ನೂ ಕೋಳಿಯನ್ನೂ ಭಕ್ತರ ಎದುರಿಗೆ ತಂದು ನಿಲ್ಲಿಸಿದ್ದಾರೆ. ಒಂದು ಕಾಳು ಕಂಡರೂ ತಾನೊಂದೇ ನುಂಗದೆ ತನ್ನ ಬಳಗವನ್ನೆಲ್ಲ ಕೂಗುವ ಬುದ್ಧಿ ಅವಕ್ಕಿದೆ, ಭಕ್ತನಿಗೆ ಅಷ್ಟೂ ಇಲ್ಲದಿದ್ದರೆ ಅವನು ಅವಕ್ಕಿಂತ ಕಡೆ ಎಂಬುದು ಅದರ ಭಾವ. ನಮ್ಮ ಕಡೆ ಈ ವಚನ ಕೇಳದವರು ಯಾರೂ ಇರಲಿಕ್ಕಿಲ್ಲ. ನನಗೆ ಮಾತ್ರ ಅದನ್ನು ಕೇಳಿದಾಗಲೆಲ್ಲ ಒಂದು ಸಂಶಯ. ಅನುಭವ ಮಂಟಪದ ಮಾತು ಹಾಗಿರಲಿ, ಇದನ್ನು ಹೇಳಿದವರು ಎಂದೋ ಯಾರದೋ ಅಂಗಳದ ಕಟ್ಟೆಯ ಮೇಲೆ ಕೂತು ಕೋಳಿಗಳನ್ನು ಬಹಳ ಹೊತ್ತು ನೋಡಿರಬೇಕು.

ಯಾಕೆಂದರೆ ಮಾತು ಅಷ್ಟು ಕರಾರುವಾಕ್ಕಾಗಿದೆ. ಹುಂಜಕ್ಕೆ ಒಂದು ಹುಳವೋ ಜೋಳದ ಕಾಳೋ ಸಿಕ್ಕಿತೆನ್ನಿ. ಕೊಕ್ಕಿನಿಂದ ಎತ್ತುತ್ತದೆ, ಕೆಳಗೆ ಹಾಕುತ್ತದೆ, ಮತ್ತೆ ಎತ್ತುತ್ತದೆ. ಕುತ್ತಿಗೆ ಆಡಿಸುತ್ತ ಒಂದೇ ಸಮ ಕುಟುಗುಟ್ಟುತ್ತದೆ. ಹ್ಯಾಟೆಗಳು ಎಲ್ಲಿದ್ದರೂ ಓಡಿ ಬರುತ್ತವೆ. ಮರಿಗಳ ತಾಯಿಯದೂ ಇದೇ ರೀತಿ. ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟೋಫರ್ ಎವಾನ್ಸ್ ಎಂಬ ವಿಜ್ಞಾನಿ ಈ ಕೂಗುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಧ್ವನಿಮುದ್ರಿಸಿದ ಕಾಳಿನ ಕೂಗನ್ನು ಕೇಳಿಸಿದರೆ ಕೋಳಿ ನೆಲ ನೋಡುತ್ತದೆ. ಹದ್ದಿನ ಕೂಗು ಕೇಳಿಸಿದರೆ ಮೈ ಕುಗ್ಗಿಸಿ ಆಕಾಶ ನೋಡುತ್ತದೆ. ನಾಯಿ, ಬೆಕ್ಕು ಬಂದಾಗಿನ ಕೂಗಾದರೆ ಕುತ್ತಿಗೆ ನೆಟ್ಟಗೆ ಮಾಡಿ ಸುತ್ತ ನೋಡುತ್ತದೆ. ಕೂಗಿಗೊಂದು ಅರ್ಥ, ಅರ್ಥಕ್ಕೊಂದು ನಡತೆ. ಇನ್ನೊಂದು ಸಂಗತಿಯೂ ಇಂಥ ಅಧ್ಯಯನಗಳಲ್ಲಿ ಹೊರಬಿತ್ತು: ಹ್ಯಾಟೆ ದೂರ ಇದ್ದಾಗ ಹುಂಜ ಕೆಲವೊಮ್ಮೆ ಏನೂ ಇಲ್ಲದೆಯೂ ಕಾಳು ಸಿಕ್ಕಂತೆ ಕೂಗುತ್ತದೆ. ಹ್ಯಾಟೆ ಓಡಿ ಬಂದು ನೋಡಿದರೆ ಬರೀ ಮಣ್ಣು. ಬಸವಣ್ಣನವರು ಹುಂಜದ ಈ ಗುಟ್ಟು ಬಯಲು ಮಾಡಲಿಲ್ಲ, ದೊಡ್ಡವರು.

ಇವತ್ತು ನಾನು ಮಾತಾಡಹೊರಟಿರುವುದು ಸಾವಿರಾರು ಬ್ರಾಯ್ಲರ್ ತುಂಬಿದ ಫಾರಂ ಬಗ್ಗೆ ಅಲ್ಲ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಓಣಿಗಳಲ್ಲಿ, ತಾಂಡಾಗಳಲ್ಲಿ, ಹೊಲದ ಗುಡಿಸಲಿನ ಮುಂದೆ ಎಂಟು ಹತ್ತು ಕೋಳಿ ಇಟ್ಟುಕೊಂಡವರ ಸುಖ, ತಾಪತ್ರಯ, ಎರಡರ ಬಗ್ಗೆ. ಈ ಕೋಳಿಗಳಿಗೆ ಲೆಕ್ಕದ ಪುಸ್ತಕ ಇಲ್ಲ. ಇದ್ದರೂ ಅದು ತಾಳೆಯಾಗುವುದಿಲ್ಲ. ಲೆಕ್ಕದ ಹುಕಿಯಿಂದ ಕೋಳಿ ಸಾಕಲು ಹೊರಟವರು ಒಂದು ಬೇಸಿಗೆಯಲ್ಲೇ ಬುಟ್ಟಿ ಅಟ್ಟಕ್ಕೆ ಏರಿಸುತ್ತಾರೆ.

ಮೊದಲ ಸುಖ ಅಂದರೆ ನೋಡುವುದು. ನಾರ್ವೆಯ ತೊರ್ಲೀಫ್ ಶೆಲ್ಡರುಪ್-ಎಬ್ಬೆ ಚಿಕ್ಕ ಹುಡುಗನಾಗಿದ್ದಾಗಲೇ ಮನೆಯ ಕೋಳಿಗಳ ಜಗಳ ಬರೆದಿಡಲು ಶುರು ಮಾಡಿದ, ದೊಡ್ಡವನಾಗಿ 1920ರ ದಶಕದ ಆರಂಭದಲ್ಲಿ ಅದನ್ನೇ ಪ್ರಬಂಧ ಮಾಡಿದ. ಯಾವ ಕೋಳಿ ಯಾವ ಕೋಳಿಯನ್ನು ಕುಕ್ಕಬಹುದು, ಯಾವುದು ಸುಮ್ಮನೆ ಸರಿದು ನಿಲ್ಲಬೇಕು ಎಂಬ ಕಟ್ಟಳೆ ಪ್ರತಿ ಗುಂಪಿನಲ್ಲೂ ಇರುತ್ತದೆ ಎಂದು ತೋರಿಸಿಕೊಟ್ಟ. ಸಂತೆಯಿಂದ ಹೊಸ ಹ್ಯಾಟೆಯೊಂದನ್ನು ತಂದು ಅಂಗಳಕ್ಕೆ ಬಿಟ್ಟವರಿಗೆಲ್ಲ ಇದು ಗೊತ್ತು. ಎರಡು ದಿನ ಆ ಹೊಸ ಹ್ಯಾಟೆಗೆ ಕಾಳೂ ಇಲ್ಲ, ನೆರಳೂ ಇಲ್ಲ. ಅದಕ್ಕೇ ತಿಳಿದವರು ಹೊಸ ಕೋಳಿಯನ್ನು ಮೊದಲು ಬುಟ್ಟಿಯಡಿ ಮುಚ್ಚಿ ಉಳಿದವಕ್ಕೆ ಕಾಣುವಂತೆ ಇಡುತ್ತಾರೆ, ಆಮೇಲೆ ರಾತ್ರಿ ಹೊತ್ತು ಗೂಡಿಗೆ ಸೇರಿಸುತ್ತಾರೆ. ಹೊರಗಿನಿಂದ ತಂದದ್ದನ್ನು ಅದಕ್ಕೂ ಮೊದಲು ಒಂದೆರಡು ವಾರ ಬೇರೆ ಇಟ್ಟರೆ ರೋಗದ ಭಯವೂ ಕಡಿಮೆ.

ಕೋಳಿ ಯಾವ ಊರಿನದು ಎಂದು ಕೇಳಿದರೆ ಉತ್ತರ ದೂರ ಹೋಗುತ್ತದೆ. ಆಗ್ನೇಯ ಏಷ್ಯಾದ ಕಾಡಿನ ಕೆಂಪು ಕೋಳಿ ಇದರ ಮೂಲ. ಆದರೆ ಕಾಲು ಹಳದಿಯಾಗಿರುವ ಕೋಳಿಗಳಲ್ಲಿ ನಮ್ಮ ಸೀಮೆಯ ಪಾಲೂ ಇದೆ. ಆ ಹಳದಿ ಬಣ್ಣದ ಗುಣ ಬಂದದ್ದು ದಕ್ಷಿಣ ಭಾರತದ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ಸಹ್ಯಾದ್ರಿಯಲ್ಲಿ ಇಂದಿಗೂ ಕೂಗುವ ಕೋಳಿ ಅದು. ಅಮೆರಿಕದ ಹಳದಿ ಕಾಲಿನ ಫಾರಂ ಕೋಳಿಯೂ ಅಷ್ಟರ ಮಟ್ಟಿಗೆ ನಮ್ಮ ಕಡೆಯ ನೆಂಟ.

ಇನ್ನು ಯಾವ ಜಾತಿ ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಬೆಳೆಸಿದ ಗಿರಿರಾಜ 1989ರಲ್ಲಿ ಹಳ್ಳಿಗಳಿಗೆ ಬಂತು. ಬಣ್ಣಬಣ್ಣದ ಪುಕ್ಕ, ದಪ್ಪ ಮೈ, ವರ್ಷಕ್ಕೆ 130-150 ತತ್ತಿ. ಮುಂದೆ 2005ರಲ್ಲಿ ಸ್ವರ್ಣಧಾರಾ ಬಂತು. ಅದರ ತತ್ತಿ ಇನ್ನೂ ಹೆಚ್ಚು, ಮೈ ಹಗುರ. ನಮ್ಮ ಜವಾರಿ ಹ್ಯಾಟೆ ವರ್ಷಕ್ಕೆ ಐವತ್ತು ಅರವತ್ತು ಇಟ್ಟರೆ ದೊಡ್ಡದು. ಲೆಕ್ಕ ನೋಡಿದರೆ ಜವಾರಿ ಸೋತಿತು. ಆದರೆ ಗಿರಿರಾಜ ಕಾವಿಗೆ ಕೂಡುವುದು ಅಪರೂಪ. ಅದು ಬೆರಕೆಯ ತಳಿ, ಅದರದೇ ತತ್ತಿಯಿಂದ ಮರಿ ಮಾಡಿಸಿದರೆ ಆ ಗುಣ ಹಾಗೇ ಇಳಿಯುವುದಿಲ್ಲ. ಮೈ ಭಾರವಾದ್ದರಿಂದ ನಾಯಿ ಬೆನ್ನಟ್ಟಿದರೆ ಗೋಡೆ ಹಾರಲಾರದು. ಜವಾರಿ ಹ್ಯಾಟೆ ಬೇವಿನ ಟೊಂಗೆ ಏರಿ ಕೂತು ಕೆಳಗಿನ ನಾಯಿಯನ್ನು ಬೈಯುತ್ತದೆ. ನನ್ನನ್ನು ಕೇಳಿದರೆ ನಾಲ್ಕು ಜವಾರಿ ಹ್ಯಾಟೆ ಇರಲಿ, ಬೇಕಾದರೆ ಅವುಗಳ ಹೊಟ್ಟೆಯಡಿ ತಳಿ ಕೇಂದ್ರದಿಂದ ತಂದ ಗಿರಿರಾಜದ ಫಲವಾದ ತತ್ತಿ ಇಡಿ. ತಾಯಿಗೆ ಅದರ ಭೇದ ಇಲ್ಲ.

ಕಾವಿನ ಮಾತಿಗೆ ಬಂದೆವು, ಇಲ್ಲಿ ಸ್ವಲ್ಪ ನಿಲ್ಲೋಣ. ಇದರಷ್ಟು ಸೊಗಸಾದದ್ದು ಕೋಳಿ ಸಾಕಣೆಯಲ್ಲಿ ಬೇರೆ ಇಲ್ಲ. ಹ್ಯಾಟೆ ದಿನಕ್ಕೊಂದರಂತೆ ತತ್ತಿ ಇಡುತ್ತ ಬರುತ್ತದೆ. ಒಂದು ತತ್ತಿ ತಯಾರಾಗಲು ಇಪ್ಪತ್ತನಾಲ್ಕು ತಾಸಿಗಿಂತ ತುಸು ಹೆಚ್ಚೇ ಬೇಕು, ಅದರಲ್ಲಿ ಚಿಪ್ಪು ಕಟ್ಟಲಿಕ್ಕೇ ಇಪ್ಪತ್ತು ತಾಸು. ಹಾಗಾಗಿ ಇಡುವ ಹೊತ್ತು ದಿನದಿನಕ್ಕೂ ಸರಿಯುತ್ತ ಸಂಜೆಯ ಕಡೆ ಹೋಗುತ್ತದೆ, ಒಂದು ದಿನ ತಪ್ಪಿ ಮತ್ತೆ ಬೆಳಿಗ್ಗೆಗೆ ಬರುತ್ತದೆ. ಹತ್ತು ಹನ್ನೆರಡು ಆದ ಮೇಲೆ ಅದರ ನಡೆಯೇ ಬೇರೆ. ಪುಕ್ಕ ಉಬ್ಬಿಸಿಕೊಂಡು, ಹತ್ತಿರ ಹೋದರೆ ಗುರುಗುಟ್ಟುತ್ತ, ಎತ್ತಿ ಹೊರಗೆ ಬಿಟ್ಟರೂ ಅಲ್ಲೇ ಹೋಗಿ ಕೂತುಕೊಳ್ಳುತ್ತದೆ. ಆಗ ಬುಟ್ಟಿಯಲ್ಲಿ ಹೊಟ್ಟು, ಒಂದಿಷ್ಟು ಬೂದಿ ಹಾಕಿ, ಮೂಲೆಯ ಕತ್ತಲಲ್ಲಿ ಇಟ್ಟು ಕೂಡಿಸುವುದು. ಗುಡುಗಿಗೆ ತತ್ತಿ ಕೆಡುತ್ತವೆಂದು ಬುಟ್ಟಿಯಲ್ಲಿ ಇದ್ದಿಲೋ ಕಬ್ಬಿಣದ ಚೂರೋ ಇಡುವವರಿದ್ದಾರೆ. ಗುಡುಗಿಗಿಂತ ಹಳೆಯ ತತ್ತಿ ಇಟ್ಟದ್ದರಿಂದ ಕೆಡುವುದೇ ಹೆಚ್ಚು. ನೀರಲ್ಲಿ ಹಾಕಿ ನೋಡಿ, ತೇಲಿದರೆ ಅದು ಕಾವಿಗೂ ಬೇಡ, ಬಾಯಿಗೂ ಬೇಡ. ಏಳನೆಯ ರಾತ್ರಿ ಬ್ಯಾಟರಿ ಬೆಳಕಿಗೆ ಹಿಡಿದರೆ ಒಳಗೆ ಕೆಂಪು ನರ ಹರಡಿದ್ದು ಕಾಣುತ್ತದೆ. ಕಾಣದೆ ತಿಳಿಯಾಗಿದ್ದರೆ ಅದನ್ನು ತೆಗೆದುಬಿಡಬೇಕು.

21 ದಿನ ಆ ತಾಯಿ ಕೂಡುತ್ತದೆ. ದಿನಕ್ಕೊಮ್ಮೆ ಎದ್ದು, ಕಾಳು ನೀರು ಮುಗಿಸಿ, ಬೂದಿಯಲ್ಲಿ ಹೊರಳಾಡಿ ಮತ್ತೆ ಬಂದು ಕೂಡುವುದಕ್ಕೆ ಹೆಚ್ಚೆಂದರೆ ಕಾಲು ತಾಸು, ಅರ್ಧ ತಾಸು. ತತ್ತಿಗಳನ್ನು ಕೊಕ್ಕಿನಿಂದ ಹೊರಳಿಸುತ್ತ ಅಂಚಿನವನ್ನು ನಡುವಿಗೆ ತರುತ್ತಿರುತ್ತದೆ. ಕಾವು ಮುಗಿಯುವ ಮೊದಲೇ ಒಳಗಿನ ಮರಿ ಚಿಂವ್‌ಗುಟ್ಟುತ್ತದೆ, ತಾಯಿ ಮೆಲ್ಲಗೆ ಉತ್ತರ ಕೊಡುತ್ತದೆ. ಈ ಮಾತುಕತೆ ಕಿವಿಯಾರೆ ಕೇಳಿದವರು ಆಮೇಲೆ ಕೋಳಿ ಬುಟ್ಟಿ ಒದ್ದು ಹೋಗಲಾರರು. ಹೊರಬಂದ ಮರಿಯ ಹೊಟ್ಟೆಯಲ್ಲಿ ಹಳದಿಯ ಬುತ್ತಿ ಇರುತ್ತದೆ, ಎರಡು ಮೂರು ದಿನ ಏನೂ ತಿನ್ನದೆ ತಡೆಯುತ್ತದೆ. ಅದಕ್ಕೇ ಹಿಂದುಳಿದ ತತ್ತಿಗಳು ಒಡೆಯುವ ತನಕ ತಾಯಿ ಕಾಯಬಲ್ಲದು. ಕೆಲವು ಹ್ಯಾಟೆ ನಮ್ಮ ಬುಟ್ಟಿಯನ್ನೇ ಒಲ್ಲವು. ಮೇವಿನ ಬಣವಿಯ ಹಿಂದೆ, ತೊಗರಿ ಕಟಗಿಯ ಒಟ್ಟಿನ ಒಳಗೆ ಕದ್ದು ಇಟ್ಟು ಮಾಯವಾಗುತ್ತವೆ. ಬೆಕ್ಕಿನ ಪಾಲಾಯಿತೆಂದು ಮನೆಯವರೆಲ್ಲ ಮರೆತಿರುವಾಗ ಒಂದು ಮುಂಜಾನೆ ಹನ್ನೊಂದು ಮರಿ ಹಿಂದೆ ಹಾಕಿಕೊಂಡು ಅಂಗಳಕ್ಕೆ ಬರುತ್ತವೆ.

ಆ ಹನ್ನೊಂದರಲ್ಲಿ ಉಳಿಯುವುದು ಎಷ್ಟು? ಇಲ್ಲಿಂದ ಚಿಂತೆಯ ಪಾಳಿ. ಮೇಲೆ ಹದ್ದು, ಗಿಡಗ. ಕೆಳಗೆ ಬೆಕ್ಕು, ಮುಂಗಲಿ, ಹಾವು. ಕಲ್ಲುಮಣ್ಣಿನ ಗೋಡೆಯ ಸಂದಿಯಲ್ಲಿ ಇನ್ನೊಂದು ವೈರಿ, ಕೋಳಿ ಉಣ್ಣಿ. ಹಗಲೆಲ್ಲ ಸಂದಿಯಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರಿ ಬೆಳಗಾಗುವುದರೊಳಗೆ ಮರಳುವುದರಿಂದ ಹಗಲು ಕೋಳಿಯ ಮೈ ನೋಡಿದರೆ ಸಿಗುವುದು ಅಪರೂಪ. ಕೋಳಿ ಯಾಕೆ ಬಡವಾಯಿತು ಎಂದು ತಲೆ ಕೆಡಿಸಿಕೊಳ್ಳುವವರು ಗೂಡಿನ ಗೋಡೆ ನೋಡಬೇಕು. ಸಂದಿ ಮೆತ್ತಿ ಸುಣ್ಣ ಹೊಡೆದರೆ ಅರ್ಧ ಗೆದ್ದಂತೆ.

ನಮ್ಮ ನಾಲ್ಕೂ ತಾಲೂಕುಗಳ ಬೇಸಿಗೆ ಕೋಳಿಗೆ ಒಂದು ಪರೀಕ್ಷೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ ಅವು ರೆಕ್ಕೆ ಅಗಲಿಸಿ, ಬಾಯಿ ತೆರೆದು ತೇಕುತ್ತ ಕೂತಿರುವುದು ಕಂಡಿರುತ್ತೀರಿ. ಕೋಳಿಗೆ ಬೆವರು ಇಲ್ಲ. ತೇಕುವುದರಿಂದ, ತುರಾಯಿ ಮತ್ತು ಗಲ್ಲದ ಜೋಲಿನಿಂದ ಮೈಯ ಬಿಸಿ ಹೊರಗೆ ಹಾಕಬೇಕು. ಹಾಗೆ ತೇಕಿ ತೇಕಿ ರಕ್ತದೊಳಗಿನ ಇಂಗಾಲದ ಅನಿಲ ಹೆಚ್ಚು ಹೊರಹೋಗುವುದರಿಂದ ಚಿಪ್ಪು ಕಟ್ಟಲು ಬೇಕಾದ ಸರಕು ಕಡಿಮೆಯಾಗುತ್ತದೆ. ಬೇಸಿಗೆಯ ತತ್ತಿ ಹಿಡಿದರೆ ಒಡೆಯುವಷ್ಟು ತೆಳ್ಳಗಿರುವುದು ಅದಕ್ಕೇ. ಮಣ್ಣಿನ ಬಟ್ಟಲಲ್ಲಿ ನೆರಳಿಗೆ ತಣ್ಣೀರಿಟ್ಟು ಎರಡು ಮೂರು ಸಲ ಬದಲಿಸುವುದು, ಗೂಡಿನ ಮೇಲೆ ನೆನೆಸಿದ ಗೋಣಿಚೀಲ ಹಾಸುವುದು, ಕಾಳನ್ನು ಮಧ್ಯಾಹ್ನ ಹಾಕದೆ ನಸುಕಿನಲ್ಲಿ ಮತ್ತು ಹೊತ್ತು ಮುಳುಗುವಾಗ ಹಾಕುವುದು ಒಳ್ಳೆಯದು. ಹೊಟ್ಟೆಯಲ್ಲಿ ಕಾಳು ಅರೆಯುವಾಗಲೂ ಮೈ ಬಿಸಿಯಾಗುತ್ತದೆ. ಇಂಡಿ ಕಡೆಯ ನಿಂಬೆ ತೋಟಗಳಲ್ಲಿ ಬಿಟ್ಟ ಕೋಳಿಗಳು ಈ ವಿಷಯದಲ್ಲಿ ಪುಣ್ಯವಂತರು. ಗಿಡದ ಬುಡದ ಹಸಿ ನೆಲ, ಮೇಲೆ ನೆರಳು, ಕೆದರಿದರೆ ಹುಳ. ನಿಂಬೆಗೆ ಹಾಕಿದ ಗೊಬ್ಬರವನ್ನೆಲ್ಲ ಕೆದರಿ ಚೆಲ್ಲುತ್ತವೆಂದು ತೋಟದವರು ಗೊಣಗುತ್ತಾರೆ, ಅದೂ ಖರೆ.

ಡಿಸೆಂಬರಿನಲ್ಲಿ ಬೇರೆ ದೂರು. ಚಳಿಗೆ ತತ್ತಿ ನಿಂತವು ಎನ್ನುತ್ತಾರೆ. ಚಳಿಗಿಂತ ಹಗಲು ಸಣ್ಣದಾದದ್ದು ಕಾರಣ. ನಮ್ಮ ಕಡೆ ಆಗ ಹಗಲು ಹನ್ನೊಂದು ತಾಸಿನ ಆಸುಪಾಸು. ಹಳೆ ಪುಕ್ಕ ಉದುರಿ ಹೊಸದು ಬರುವ ಕಾಲವೂ ಕೂಡಿಬಂದರೆ ಕೋಳಿ ತತ್ತಿಯ ಕೆಲಸ ಬಿಟ್ಟು ಪುಕ್ಕದ ಕೆಲಸ ಹಿಡಿಯುತ್ತದೆ. ಔಷಧ ಬೇಡ, ತಾಳ್ಮೆ ಬೇಕು.

ಔಷಧವೇ ಇಲ್ಲದ ರೋಗ ಒಂದಿದೆ. ನಾವು ಕೊಕ್ಕರೆ ರೋಗ ಅನ್ನುತ್ತೇವೆ, ಡಾಕ್ಟರರು ರಾಣಿಖೇತ್ ಅನ್ನುತ್ತಾರೆ. ಹಿಮಾಲಯದ ತಪ್ಪಲಿನ ರಾಣಿಖೇತ್‌ನಲ್ಲಿ 1920ರ ದಶಕದ ಕೊನೆಗೆ ಗುರುತಿಸಿದ್ದರಿಂದ ಆ ಹೆಸರು. ಮೊದಲು ಒಂದು ಕೋಳಿ ತೂಕಡಿಸುತ್ತದೆ. ಹಸಿರು ಭೇದಿ, ಉಸಿರಿಗೆ ಗೊರಗೊರ ಸದ್ದು, ಆಮೇಲೆ ಕುತ್ತಿಗೆ ತಿರುಚಿಕೊಳ್ಳುತ್ತದೆ, ಕಾಲು ಸೋಲುತ್ತದೆ. ನಾಲ್ಕಾರು ದಿನದಲ್ಲಿ ಓಣಿಯ ಕೋಳಿಯೆಲ್ಲ ಖಾಲಿ. ಹತ್ತು ಕೋಳಿ ಹೋದ ಮುದುಕಿಯ ನಷ್ಟವನ್ನು ಯಾವ ವಿಮೆಯೂ ತುಂಬಿದ್ದು ನಾನು ಕಂಡಿಲ್ಲ.

ಲಸಿಕೆ ಇದೆ. ಮರಿಗೆ ಒಂದು ವಾರದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ, ಆರರಿಂದ ಎಂಟು ವಾರಕ್ಕೆ ರೆಕ್ಕೆಯಡಿ ಒಂದು ಸೂಜಿ. ದುಬಾರಿಯೂ ಅಲ್ಲ. ಹಾಗಿದ್ದರೆ ಯಾಕೆ ಹಾಕಿಸುವುದಿಲ್ಲ? ಕೇಳಿದರೆ ಕೆಲವರು ಮೈಗಳ್ಳತನ ಅನ್ನುತ್ತಾರೆ. ಅದು ಅನ್ಯಾಯದ ಮಾತು. ಲಸಿಕೆಯ ಬಾಟಲಿ ಬರುವುದೇ ನೂರು, ಅದಕ್ಕೂ ಹೆಚ್ಚು ಕೋಳಿಗೆ ಆಗುವಷ್ಟು. ಮಂಜುಗಡ್ಡೆಯಲ್ಲಿ ಇಟ್ಟು ತರಬೇಕು. ಒಮ್ಮೆ ಕಲಸಿದರೆ ಎರಡು ತಾಸಿನೊಳಗೆ ಮುಗಿಸಬೇಕು, ಉಳಿದದ್ದು ನಾಳೆಗೆ ಬಾರದು. ಆರು ಕೋಳಿಯ ಮನೆಯವಳು ನೂರು ಕೋಳಿಯ ಬಾಟಲಿ ತಂದು ಏನು ಮಾಡಬೇಕು?

ಬಸವಣ್ಣನವರ ಕೋಳಿ ನನಗೆ ಇಲ್ಲಿ ನೆನಪಾಗುವುದು. ಈ ಬಾಟಲಿ ಒಬ್ಬರ ಮನೆಯದಾಗಲಾರದು, ಅದಕ್ಕೆ ಓಣಿಯೇ ಬೇಕು. ಹತ್ತು ಹದಿನೈದು ಮನೆಯವರು ಒಂದು ಸಂಜೆ ಗೊತ್ತು ಮಾಡಿಕೊಂಡು, ಕೋಳಿಗಳು ಗೂಡು ಸೇರಿದ ಮೇಲೆ, ದೀಪದ ಬೆಳಕಿನಲ್ಲಿ ಒಂದೊಂದನ್ನೇ ಹಿಡಿದು ಕೊಟ್ಟರೆ ಒಂದು ತಾಸಿನ ಕೆಲಸ. ಹಗಲು ಹಿಡಿಯಲು ಹೋದರೆ ಊರೆಲ್ಲ ಓಡಬೇಕು. ಸ್ವಸಹಾಯ ಗುಂಪಿನ ವಾರದ ಸಭೆ ನಡೆಯುವ ಓಣಿಗಳಲ್ಲಿ ಇದು ಸುಲಭ, ಉಳಿತಾಯದ ಪುಸ್ತಕ ಮುಚ್ಚಿದ ಮೇಲೆ ಕೋಳಿಯ ಮಾತು ತೆಗೆದರಾಯಿತು. ತಾಲೂಕಿನ ಪಶು ಆಸ್ಪತ್ರೆಯಲ್ಲಿ ಮೊದಲೇ ಹೇಳಿಟ್ಟರೆ ಲಸಿಕೆಯ ದಿನ ಗೊತ್ತಾಗುತ್ತದೆ. ಇಂಡಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ಇದೆ, ಸಲಹೆ ಕೇಳಬಹುದು. ಕೋಳಿಗೂ 1962 ಎಂಬ ಪಶು ಸಹಾಯವಾಣಿಗೆ ಕರೆ ಮಾಡಬಹುದು ಎಂಬುದು ಬಹಳ ಜನಕ್ಕೆ ತೋಚಿಯೇ ಇಲ್ಲ. ಅದು ಎಮ್ಮೆ ಎತ್ತಿನದೆಂದು ತಿಳಿದಿದ್ದಾರೆ.

ಹಕ್ಕಿಜ್ವರ ಇದಕ್ಕಿಂತ ಗಂಭೀರ. 2025ರ ಆರಂಭದಲ್ಲಿ ಗಡಿಯಾಚೆಯ ಲಾತೂರ್ ಜಿಲ್ಲೆಯ ಉದಗೀರದಲ್ಲಿ ಕಾಗೆಗಳು ಸತ್ತುಬಿದ್ದವು. ಸ್ವಲ್ಪ ದಿನಕ್ಕೆ ನಮ್ಮ ರಾಜ್ಯದಲ್ಲಿ ಚಿಕ್ಕಬಳ್ಳಾಪುರ ತಾಲೂಕಿನ ವರದಹಳ್ಳಿ, ಸಂಡೂರು ತಾಲೂಕಿನ ಕುರೆಕುಪ್ಪದಲ್ಲಿ ರೋಗ ಕಾಣಿಸಿತು. ಕೋಳಿಗಳಿಗೆ ಇದು ಬಂದರೆ ನಿಯಮ ಕಠಿಣ: ರೋಗ ಕಂಡ ಜಾಗದಿಂದ ಸುತ್ತ 1 ಕಿಲೋಮೀಟರಿನ ಕೋಳಿಗಳನ್ನೆಲ್ಲ ಕೊಲ್ಲಲೇಬೇಕು, ಅಂಗಳದಲ್ಲಿ ಆರೋಗ್ಯವಾಗಿ ಓಡಾಡುತ್ತಿದ್ದವನ್ನೂ. ಪರಿಹಾರ ಕೊಡುತ್ತಾರೆ. ಆದರೂ ಚಿನ್ನಾರಿ ಮರಿಗೆ ಹೆಸರಿಟ್ಟ ಹುಡುಗಿಗೆ ಅದನ್ನು ತಿಳಿಸಿ ಹೇಳುವುದು ಅಧಿಕಾರಿಗಳಿಂದಾಗುವ ಕೆಲಸವಲ್ಲ. ಕೋಳಿಗಳು, ಕಾಗೆಗಳು ಒಮ್ಮೆಲೇ ಸಾಯತೊಡಗಿದರೆ ಬರಿಗೈಯಲ್ಲಿ ಮುಟ್ಟದೆ, ಹಳ್ಳಕ್ಕೆ ಎಸೆಯದೆ, ಸಂತೆಗೆ ಸಾಗಹಾಕದೆ ಆಸ್ಪತ್ರೆಗೆ ಸುದ್ದಿ ಮುಟ್ಟಿಸಬೇಕು. ಸಂತೆಗೆ ಸಾಗಹಾಕುವುದೇ ಎಲ್ಲಕ್ಕಿಂತ ಕೆಟ್ಟದ್ದು, ಮತ್ತು ಅದೇ ಎಲ್ಲಕ್ಕಿಂತ ಹೆಚ್ಚು ನಡೆಯುವಂಥದ್ದು.

ರೋಗದ ನಂತರ ಜಗಳ. ಕೋಳಿಗೆ ಗಡಿ ಗೊತ್ತಿಲ್ಲ. ಸಾಕುವ ಮನೆಯಿಂದ ಸಾಕದ ಮನೆಗೆ, ತಿನ್ನುವ ಮನೆಯಿಂದ ತಿನ್ನದ ಮನೆಗೆ ದಿನಾ ಓಡಾಡುತ್ತದೆ. "ಯಕ್ಕಾ, ನಿಮ್ಮ ಕೋಳಿ ನಮ್ಮ ಕೊತ್ತಂಬರಿ ಮಡಿ ಕೆದರಿ ಹಾಳ ಮಾಡ್ಯಾವ ನೋಡ್ರಿ" ಎಂಬ ಕೂಗಿನಿಂದ ದಿನ ಶುರುವಾಗದ ಓಣಿ ಇಲ್ಲ. ಬಾಗೇವಾಡಿಯಂಥ ಊರಲ್ಲಿ ತಿನ್ನುವವರ, ತಿನ್ನದವರ ನಡುವಿನ ಗೋಡೆ ಕೆಲವೊಮ್ಮೆ ಎತ್ತರದ್ದು. 2021ರ ಡಿಸೆಂಬರಿನಲ್ಲಿ ಶಾಲೆಯ ಬಿಸಿಯೂಟದಲ್ಲಿ ತತ್ತಿ ಕೊಡಲು ಸರಕಾರ ಶುರು ಮಾಡಿದಾಗ ಮೊದಲು ಆರಿಸಿದ ಏಳು ಜಿಲ್ಲೆಗಳಲ್ಲಿ ನಮ್ಮ ವಿಜಯಪುರವೂ ಇತ್ತು. ಕೆಲವು ಮಠಾಧೀಶರು ವಿರೋಧಿಸಿದರು, ಒಲ್ಲದ ಮಕ್ಕಳಿಗೆ ಬಾಳೆಹಣ್ಣು ಇತ್ತು. ಗದ್ದಲ ಇಳಿಯಿತು, ಮಕ್ಕಳು ತಮಗೆ ಬೇಕಾದ್ದು ತಿಂದರು. ನನಗೆ ಉಳಿದ ಕೊರಗು ಬೇರೆ. ಆ ತತ್ತಿ ಬಂದದ್ದು ಫಾರಂನಿಂದ. ಶಾಲೆಯ ಗೋಡೆಗೆ ಹತ್ತಿ ಹ್ಯಾಟೆ ಸಾಕಿದ ಹೆಣ್ಣುಮಗಳಿಗೆ ಅದರಿಂದ ಒಂದು ರೂಪಾಯಿಯೂ ಮುಟ್ಟಲಿಲ್ಲ.

ಆ ಹೆಣ್ಣುಮಗಳ ಕೈಯಲ್ಲಿ ಕೋಳಿ ಏನು ಎಂಬುದು ಗುಳೆಯ ದಿನಗಳಲ್ಲಿ ತಿಳಿಯುತ್ತದೆ. ದೀಪಾವಳಿಯ ಆಸುಪಾಸು ತಾಂಡಾಗಳಿಂದ ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ, ಕಟ್ಟಡದ ಕೆಲಸಕ್ಕೆ ಗೋವೆಯ ಕಡೆ ಜನ ಹೊರಡುತ್ತಾರೆ. ಮನೆಗೆ ಕೀಲಿ ಬೀಳುತ್ತದೆ, ಇಲ್ಲವೆ ಮುದುಕರು ಉಳಿಯುತ್ತಾರೆ. ಕೋಳಿಗಳನ್ನು ಊರಲ್ಲಿ ಉಳಿದವರಿಗೆ ಪಾಲಿಗೆ ಬಿಡುತ್ತಾರೆ: ತಾಯಿ ನಂದು, ಮರಿಯಲ್ಲಿ ಅರ್ಧ ನಿಂದು. ಕಾಗದ ಇಲ್ಲ, ಸಾಕ್ಷಿ ಇಲ್ಲ. ಹ್ಯಾಟೆ ಕೊಳ್ಳಲಾಗದ ಬಡವಿಯೊಬ್ಬಳು ಒಂದು ಪಾಲಿನ ಹ್ಯಾಟೆಯಿಂದ ಶುರು ಮಾಡಿ ವರ್ಷದಲ್ಲಿ ತನ್ನದೇ ಹಿಂಡು ಮಾಡಿಕೊಳ್ಳಬಹುದು. ಮೊಮ್ಮಗಳ ಪಟ್ಟಿ ಪುಸ್ತಕ, ಬಸ್ ಚಾರ್ಜು, ತನ್ನ ಗುಳಿಗೆ, ಇವಕ್ಕೆಲ್ಲ ಮಗನನ್ನು ಕೇಳದೆ ಒಂದು ಹುಂಜ ಮಾರುತ್ತಾಳೆ.

ಕಡೆಯದಾಗಿ ಹುಂಜಗಳ ಸಮಸ್ಯೆ. ಹತ್ತು ಮರಿ ಉಳಿದರೆ ಹೆಚ್ಚುಕಡಿಮೆ ಐದು ಹುಂಜವೇ. ಹಿಂಡಿಗೆ ಬೇಕಾದ್ದು ಒಂದು. ಉಳಿದ ನಾಲ್ಕು ಬೆಳೆದಂತೆ ಕಾದಾಡುತ್ತವೆ, ಹ್ಯಾಟೆಗಳ ಬೆನ್ನಿನ ಪುಕ್ಕ ಕಿತ್ತು ಹಾಕುತ್ತವೆ. ಊರ ದೇವಿ ದ್ಯಾಮವ್ವಗೆ ಬಿಟ್ಟದ್ದು ಒಂದಿರಬಹುದು, ಅಳಿಯ ಬಂದಾಗ ಹೋಗುವುದು ಒಂದಿರಬಹುದು. ಮಕ್ಕಳು ಹೆಸರಿಟ್ಟು ಹೆಗಲ ಮೇಲೆ ಕೂಡಿಸಿಕೊಂಡ ಹುಂಜವನ್ನು ಆ ಮನೆಯವರು ಕೊಯ್ಯಲಾರರು. ಕೊಯ್ದರೂ ಆ ರಾತ್ರಿ ಊಟ ಸಾಗುವುದಿಲ್ಲ. ಅಂಥವರಿಗೆ ನನ್ನ ಸಲಹೆ ಇಷ್ಟು: ದೂರದ ಓಣಿಯ ಹುಂಜದೊಂದಿಗೆ ಅದಲುಬದಲು ಮಾಡಿಕೊಳ್ಳಿ. ಒಂದೇ ಹುಂಜ ವರ್ಷಗಟ್ಟಲೆ ತನ್ನ ಮಕ್ಕಳು ಮೊಮ್ಮಕ್ಕಳ ಜೊತೆಗೇ ಇದ್ದರೆ ಮರಿಗಳು ಬಲಹೀನವಾಗುತ್ತವೆ, ತತ್ತಿ ಫಲವಾಗುವುದು ಕಡಿಮೆಯಾಗುತ್ತದೆ. ವರ್ಷಕ್ಕೋ ಎರಡು ವರ್ಷಕ್ಕೋ ಹೊಸ ರಕ್ತ ಬರಬೇಕು. ಹೋದ ಹುಂಜ ಆ ಓಣಿಯಲ್ಲಿ ಏನಾಯಿತು ಎಂದು ಮಕ್ಕಳು ಕೇಳಿದರೆ, ಅಲ್ಲಿಯ ಹ್ಯಾಟೆಗಳನ್ನು ಕಾಳಿಗೆ ಕರೆಯುತ್ತಿದೆ ಎಂದು ಹೇಳಬಹುದು. ಒಂದೆರಡು ತಿಂಗಳಾದರೂ ಅದು ಸುಳ್ಳಾಗುವುದಿಲ್ಲ.